ಪುತ್ಥಳಿಗೆ ಮೊದಲು ವರ್ಕ್‌ಶಾಪಿನ ಬೀಗ ತೆಗೆಯಿರಿ

ನಾವು ಓದಿದ ಪಾಲಿಟೆಕ್ನಿಕ್ಕಿನ ಆಡಳಿತ ಮಂಡಳಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಹಳೆಯ ವಿದ್ಯಾರ್ಥಿಗಳ ಸಂಘದ ಗೆಳೆಯರಿಗೆ,

ನಮಸ್ಕಾರ.

ನಮ್ಮ ಪ್ರಿನ್ಸಿಪಾಲರನ್ನು ಮಣ್ಣು ಮಾಡಿ ಬಂದು ಇನ್ನೂ ಹನ್ನೊಂದು ದಿನ ಆಗಿರಲಿಲ್ಲ, ನಿಮ್ಮ ಸಂದೇಶ ಎಲ್ಲರ ಮೊಬೈಲಿಗೂ ಬಂತು. ಗೇಟಿನ ಒಳಗೆ ಅವರ ಕಂಚಿನ ಪುತ್ಥಳಿ, ಹೊಸ ಸಭಾಂಗಣಕ್ಕೆ ಅವರ ಹೆಸರು, ಒಂದು ಸ್ಮರಣ ಸಂಚಿಕೆ. ಕೈಲಾದಷ್ಟು ಹಣ ಕಳಿಸಿ, ಜೊತೆಗೆ ಒಂದು ಪುಟ ಮೀರದಂತೆ ನಿಮ್ಮ ನೆನಪು ಬರೆಯಿರಿ ಎಂದಿದ್ದಿರಿ. ಹಣ ಅವತ್ತೇ ಕಳಿಸಿದೆ, ರಸೀದಿಯೂ ಬಂತು. ಬರೆಯಲು ಕೂತರೆ ಮಾತ್ರ ಒಂದು ಪುಟಕ್ಕೆ ನಿಲ್ಲಲಿಲ್ಲ. ಬರೆದದ್ದನ್ನು ಓದಿದ ನನ್ನ ಮಗಳು, ‘ಅಪ್ಪಾ, ಇದನ್ನ ಅವರು ಸಂಚಿಕ್ಯಾಗ ಹಾಕಂಗಿಲ್ಲ ಬಿಡು’ ಅಂದಳು. ಅದು ನನಗೂ ಗೊತ್ತಿತ್ತು. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನಾಗಲೀ ಅವರ ಹೆಸರನ್ನಾಗಲೀ ಎಲ್ಲೂ ಹಾಕಿಲ್ಲ. ಜಗಳ ತೆಗೆಯುವ ಉದ್ದೇಶ ನನಗಿಲ್ಲ.

ನಾನು ಸಿಂಧನೂರಿನಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟವನು. 1989ರಿಂದ 1992ರವರೆಗೆ ನಿಮ್ಮಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದೆ. ನಮ್ಮಪ್ಪ ರಾಯಚೂರಿನ ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹಮಾಲಿ. ದಿನವಿಡೀ ಹತ್ತಿ ಅಂಡಿಗೆ ಹೊತ್ತು, ಕಿವಿಯಲ್ಲಿ ಮೂಗಿನಲ್ಲಿ ಹತ್ತಿಯ ನೂಲು ತುಂಬಿಕೊಂಡು ಮನೆಗೆ ಬರುತ್ತಿದ್ದವರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆ ಅಂಕ ಬಂದಿದ್ದೇ ತಪ್ಪಾಯಿತೇನೋ ಅನ್ನುವಂತೆ ಅಂಕಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನನ್ನನ್ನು ಕಾಲೇಜಿಗೆ ಕರೆತಂದರು. ಆಫೀಸಿನಲ್ಲಿ ಪ್ರಿನ್ಸಿಪಾಲರು ಇರಲಿಲ್ಲ. ‘ಶೆಡ್ಡಿನ್ಯಾಗ ಅದಾರ, ಹೋಗ್ರಿ’ ಅಂದ ಜವಾನ. ಹೋದರೆ, ಲೇತಿನ ಪಕ್ಕದ ಮೂಲೆಯಲ್ಲಿ ಒಂದು ಮೇಜು, ಅದರ ಮೇಲೆ ಎಣ್ಣೆಯ ಕಲೆ ಹತ್ತಿದ ಫೈಲುಗಳು, ಹಿಂದೆ ಅವರು.

ಅಂಕಪಟ್ಟಿ ನೋಡಲಿಲ್ಲ. ನನ್ನನ್ನೇ ನೋಡಿ ಕೇಳಿದರು: ‘ಕರೆಂಟಿನ ಅಂಜಿಕಿ ಐತೇನು ನಿನಗ?’

ಗಂಡಸು ಅನ್ನಿಸಿಕೊಳ್ಳಬೇಕಲ್ಲ, ‘ಇಲ್ರಿ ಸರ’ ಅಂದೆ.

‘ಹಂಗಾದ್ರ ನೀ ಬ್ಯಾಡ. ಅಂಜಿಕಿ ಇದ್ದಾವ ಬೇಕು ನನಗ.’

ಅಪ್ಪನ ಮುಖ ಸಣ್ಣದಾಯಿತು. ನಾನು ಅಳುವುದೊಂದು ಬಾಕಿ. ಆಗ ಅವರೇ ನಕ್ಕು, ‘ಈಗ ಅಂಜಿದಿ ನೋಡು. ಫೀ ಕಟ್ಟಿ ಬಾ’ ಅಂದರು. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕಸುಬು ಮಾಡಿದ್ದೇನೆ. ಕಂಬ ಹತ್ತಿದವರು, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮುಟ್ಟಿದವರು, ‘ಏನಾಗ್ತದ ಬಿಡು’ ಅಂದವರು ಎಷ್ಟು ಜನ ಹೋದರೋ. ನನ್ನ ಕೈಕಾಲು ಇನ್ನೂ ನೆಟ್ಟಗಿರುವುದು ಅವತ್ತು ಕಲಿಸಿದ ಆ ಅಂಜಿಕೆಯಿಂದ.

ಅವರು ಕಾಲೇಜಿಗೆ ಬಂದದ್ದು ವರ್ಕ್‌ಶಾಪ್ ನೋಡಿಕೊಳ್ಳಲು. ಆಮೇಲೆ ಲೆಕ್ಚರರ್ ಆದರು, ವಿಭಾಗದ ಮುಖ್ಯಸ್ಥರಾದರು, ಕೊನೆಗೆ ಪ್ರಿನ್ಸಿಪಾಲ್. ನಿಮ್ಮ ಸಂದೇಶದಲ್ಲಿ ಈ ಮೆಟ್ಟಿಲುಗಳನ್ನೆಲ್ಲ ಇಸವಿ ಸಮೇತ ಬರೆದಿದ್ದೀರಿ, ಬಂದ ಪ್ರಶಸ್ತಿಗಳನ್ನೂ ಬರೆದಿದ್ದೀರಿ. ಅದನ್ನು ನಾನು ಮತ್ತೆ ಹೇಳುವುದಿಲ್ಲ. ನನಗೆ ಹೇಳಬೇಕಿರುವುದು ಸುಟ್ಟ ಮೋಟಾರಿನ ಸಂಗತಿ.

ಎರಡನೇ ವರ್ಷ. ಮಾನ್ವಿ ಕಡೆಯ ಒಬ್ಬ ರೈತ ಐದು ಎಚ್‌ಪಿ ಮೋಟಾರನ್ನು ಬಂಡಿಯಲ್ಲಿ ಹೇರಿಕೊಂಡು ಬಂದಿದ್ದ. ನಮ್ಮ ವರ್ಕ್‌ಶಾಪಿನಲ್ಲಿ ಹೊರಗಿನ ಕೆಲಸವನ್ನೂ ತಗೊಳ್ಳುತ್ತಿದ್ದರು. ತಾಮ್ರದ ತಂತಿಯ ದುಡ್ಡಷ್ಟೇ ರೈತನದು, ಕೂಲಿ ಇಲ್ಲ, ಯಾಕೆಂದರೆ ಕಲಿಯುವವರು ನಾವು. ಮೋಟಾರು ಬಿಚ್ಚಿದ ಕೂಡಲೇ ನಾನು ಉಳಿ ತಗೊಂಡು ಕರಿ ಹಿಡಿದ ಕಾಯಿಲುಗಳನ್ನು ಕತ್ತರಿಸಲು ಹೊರಟೆ. ಕೈ ಮೇಲೆ ಸ್ಕೇಲಿನಿಂದ ಒಂದು ಬಿತ್ತು.

‘ಸತ್ತಾವನ್ನ ಯಾಕ ಸತ್ತ ಅಂತ ನೋಡದ ಸುಡ್ತೀಯೇನು?’

ಅವತ್ತು ಮಧ್ಯಾಹ್ನ ಊಟ ಬಿಟ್ಟು ಕಲಿಸಿದರು. ಕಾಯಿಲುಗಳನ್ನು ಸುತ್ತ ಎಣಿಸು. ಎಲ್ಲ ಒಂದೇ ಸಮ ಕರಿಯಾಗಿದ್ದರೆ ಭಾರ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜು ಬಿದ್ದಿದೆ, ಇಲ್ಲವೇ ಪಂಪು ಹಿಡಿದುಕೊಂಡು ಮೋಟಾರು ತಿರುಗದೆ ನಿಂತಿದೆ. ವೋಲ್ಟೇಜು ಬಿದ್ದರೆ ಎಳೆಯುವ ಬಲ ಅದರ ವರ್ಗದ ಲೆಕ್ಕದಲ್ಲಿ ಬೀಳುತ್ತದೆ. ಅರ್ಧ ವೋಲ್ಟೇಜಿಗೆ ಬಲ ಕಾಲು ಭಾಗ. ಆದರೆ ಬಾವಿಯ ನೀರಿನ ಭಾರ ಕಡಿಮೆಯಾಗುವುದಿಲ್ಲವಲ್ಲ, ಅದಕ್ಕೆ ಮೋಟಾರು ಹೆಚ್ಚು ಕರೆಂಟು ಕುಡಿದು ಮೈ ಸುಟ್ಟುಕೊಳ್ಳುತ್ತದೆ. ಇನ್ನು ಕಾಯಿಲುಗಳು ಒಂದು ಗುಂಪು ಕಪ್ಪು, ಒಂದು ಗುಂಪು ಹೊಸದರಂತೆ ಹೊಳೆಯುತ್ತಿದ್ದರೆ ಮೂರು ಫೇಸಿನಲ್ಲಿ ಒಂದು ಎಲ್ಲೋ ಹೋಗಿದೆ. ಮೂರು ಫೇಸಿನ ಕಾಯಿಲುಗಳ ಒಂದೊಂದು ತುದಿಯನ್ನು ಒಂದೇ ಕಡೆ ಕೂಡಿಸಿದ ಸ್ಟಾರ್ ಜೋಡಣೆಯಾದರೆ ಎರಡು ಫೇಸಿನ ಕಾಯಿಲು ಕಪ್ಪು, ಒಂದು ಮಾತ್ರ ಹೊಳಪು. ತುದಿಗೆ ತುದಿ ಸೇರಿಸಿ ತ್ರಿಕೋನದಂತೆ ಜೋಡಿಸಿದ ಡೆಲ್ಟಾ ಆದರೆ ತಿರುವುಮುರುವು: ಒಂದೇ ಫೇಸು ಕಪ್ಪು, ಎರಡು ಹೊಳಪು. ಟಿಸಿಯ ಫ್ಯೂಜು ಹೋಗಿರಬಹುದು, ಸ್ಟಾರ್ಟರಿನ ಒಂದು ಕಾಂಟ್ಯಾಕ್ಟು ತಿಂದುಹೋಗಿರಬಹುದು. ಅಲ್ಲಿ ಸರಿ ಮಾಡದೆ ಇಲ್ಲಿ ಎಷ್ಟು ಚೆಂದ ಸುತ್ತಿದರೂ ತಿಂಗಳಲ್ಲಿ ಆ ರೈತ ಮತ್ತೆ ಬಂಡಿ ಕಟ್ಟಿಕೊಂಡು ಬರುತ್ತಾನೆ.

ಆಮೇಲೆ ರಿಜಿಸ್ಟರ್ ತಂದು ಮುಂದಿಟ್ಟರು. ರೈತನ ಹೆಸರು, ಊರು, ಎಚ್‌ಪಿ, ಕಾಯಿಲು ಕೂರುವ ಸ್ಲಾಟು, ಸುತ್ತು, ತಂತಿಯ ದಪ್ಪ ಹೇಳುವ ಗೇಜು ಎಲ್ಲದಕ್ಕೂ ಮನೆ ಕೊರೆದಿದ್ದ ರಿಜಿಸ್ಟರ್. ಕೊನೆಯ ಮನೆಯ ತಲೆಬರಹ ‘ಕಾರಣ’. ಅದನ್ನು ತುಂಬದೆ ಮೋಟಾರು ಹೊರಗೆ ಹೋಗುವ ಹಾಗಿಲ್ಲ. ರೈತನಿಗೂ ಅದನ್ನು ಓದಿ ಹೇಳಬೇಕು. ರಾತ್ರಿ ಮೂರು ಫೇಸು ಬಂದ ಕೂಡಲೇ ತಾನೇ ಶುರುವಾಗಲಿ ಎಂದು ಸ್ಟಾರ್ಟರಿನ ಗುಂಡಿಗೆ ದಾರ ಕಟ್ಟಿಟ್ಟು ಮಲಗುವವರು, ಎರಡೇ ಫೇಸಿನಲ್ಲಿ ಕೆಪಾಸಿಟರು ಹಾಕಿ ಓಡಿಸುವವರು, ಇವರಿಗೆಲ್ಲ ಬೈಯದೆ ತಿಳಿಸಿ ಹೇಳುವುದು ಹೇಗೆ ಎನ್ನುವುದೂ ನಮ್ಮ ಪಾಠದಲ್ಲಿ ಸೇರಿತ್ತು. ಪರೀಕ್ಷೆಗೆ ಅದರ ಪ್ರಶ್ನೆ ಬರುತ್ತಿರಲಿಲ್ಲ.

ಇವತ್ತಿಗೂ ನನ್ನ ಅಂಗಡಿಯ ಪುಸ್ತಕದ ಕೊನೆಯ ಮನೆ ‘ಕಾರಣ’. ನಿಮ್ಮ ಕಾಲೇಜಿನಲ್ಲಿ ಓದಿದ ಇನ್ನೂ ಮೂವರ ಅಂಗಡಿಗಳಲ್ಲಿ, ಒಂದು ಲಿಂಗಸುಗೂರಿನಲ್ಲಿ, ಎರಡು ಗಂಗಾವತಿಯಲ್ಲಿ, ಇದೇ ಮನೆ ಇರುವುದನ್ನು ಕಣ್ಣಾರೆ ಕಂಡಿದ್ದೇನೆ. ಮಾತಾಡಿಕೊಂಡು ಮಾಡಿದ್ದಲ್ಲ. ಸಂಚಿಕೆಯಲ್ಲಿ ಒಂದು ಪಟ ಹಾಕುವುದಾದರೆ ಆ ಪುಟದ ಪಟ ಹಾಕಿ.

ವರ್ಕ್‌ಶಾಪಿನ ಟೂಲ್ ರೂಮಿನಲ್ಲಿ ಒಂದು ಹಲಗೆ ಇತ್ತು. ನಿಮ್ಮಲ್ಲಿ ಹೊಸಬರು ನೋಡಿರಲಿಕ್ಕಿಲ್ಲ. ಮೊಳೆಗಳ ಸಾಲು, ಒಂದೊಂದು ಮೊಳೆಯ ಕೆಳಗೂ ಒಂದೊಂದು ಉಪಕರಣದ ಹೆಸರು. ಪ್ರತಿ ಹುಡುಗನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಮೈಕ್ರೊಮೀಟರ್ ಬೇಕೆಂದರೆ ನಿನ್ನ ಬಿಲ್ಲೆಯನ್ನು ಅಲ್ಲಿ ನೇತುಹಾಕಿ ತಗೊ, ತಂದಿಟ್ಟು ಬಿಲ್ಲೆ ಬಿಡಿಸಿಕೊ. ಸಂಜೆ ಐದಕ್ಕೆ ಹಲಗೆ ನೋಡಿದರೆ ಸಾಕು, ಯಾರ ಕೈಯಲ್ಲಿ ಏನಿದೆ ಗೊತ್ತಾಗುತ್ತಿತ್ತು. ಹಾಜರಿ ಪುಸ್ತಕಕ್ಕಿಂತ ಆ ಹಲಗೆಯನ್ನೇ ಅವರು ಹೆಚ್ಚು ನಂಬುತ್ತಿದ್ದರು. ನನ್ನದು 47.

ಆಗ ನಮ್ಮ ಸೀಮೆಯೇ ಕಬ್ಬಿಣ ಮತ್ತು ಕರೆಂಟಿನ ಗದ್ದಲದಲ್ಲಿತ್ತು. ಶಕ್ತಿನಗರದ ಥರ್ಮಲ್ ಸ್ಥಾವರದಲ್ಲಿ 1985ರಲ್ಲಿ ಮೊದಲ ಘಟಕ ಶುರುವಾಗಿ, ಒಂದರ ಹಿಂದೆ ಒಂದು ಏಳುತ್ತಿದ್ದವು. ಈಗ ಎಂಟು ಘಟಕ, 1720 ಮೆಗಾವ್ಯಾಟ್. ಅತ್ತ ಹಟ್ಟಿಯ ಚಿನ್ನದ ಗಣಿ, ಇತ್ತ ತುಂಗಭದ್ರೆಯ ಎಡದಂಡೆ ಕಾಲುವೆ, ಅದರ ಗುಂಟ ಏಳುತ್ತಿದ್ದ ಅಕ್ಕಿ ಗಿರಣಿಗಳು, ಹತ್ತಿ ಜಿನ್ನುಗಳು. ಪ್ರಿನ್ಸಿಪಾಲರು ತಮ್ಮ ಹಳೇ ಲ್ಯಾಂಬ್ರೆಟ್ಟಾ ಸ್ಕೂಟರಿನ ಮೇಲೆ ಎಲ್ಲ ಕಡೆ ತಿರುಗಿ, 1961ರ ಅಪ್ರೆಂಟಿಸ್ ಕಾಯ್ದೆಯ ಪ್ರತಿಯನ್ನು ಚೀಲದಲ್ಲಿ ಇಟ್ಟುಕೊಂಡು, ‘ಕಾಯ್ದಾ ಪ್ರಕಾರ ನೀವು ಹುಡುಗುರನ್ನ ತಗೋಬೇಕ್ರಿ, ನಾ ಕೈ ಮುಗಿದು ಕೇಳಾಕ ಬಂದಿಲ್ಲ’ ಎಂದು ಜಗಳ ಮಾಡಿ ಬರುತ್ತಿದ್ದರು. ಆಮೇಲೆ ಕೈ ಮುಗಿದೇ ಬರುತ್ತಿದ್ದರು ಅನ್ನುವುದು ಬೇರೆ ಮಾತು.

ಒಮ್ಮೆ ನಾನು ಸುತ್ತಿದ ಮೋಟಾರು ಮೂರನೇ ಸಲವೂ ಬಾಡಿ ಹೊಡೆಯಿತು, ಅಂದರೆ ತಂತಿಯ ಕರೆಂಟು ಮೋಟಾರಿನ ಮೈಗೆ ಹತ್ತಿತು. ಇನ್ಸುಲೇಶನ್ ಅಳೆಯುವ ಮೆಗ್ಗರು ಸೊನ್ನೆ ತೋರಿಸುತ್ತಿತ್ತು. ಇನ್ನು ಈ ಕಸುಬು ನನ್ನಿಂದಾಗದು ಎಂದು ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೆ. ಬಂದು ಪಕ್ಕದಲ್ಲಿ ಕೂತು ಅಮೆರಿಕದ ಕತೆ ಶುರು ಮಾಡಿದರು. ಅಲ್ಲಿನ ಅಲಬಾಮಾ ಸೀಮೆಯ ಟಸ್ಕೆಗಿ ಎಂಬಲ್ಲಿ 1881ರಲ್ಲಿ ಕಪ್ಪು ಜನರಿಗಾಗಿ ಒಂದು ಶಾಲೆ ತೆರೆದರಂತೆ. ಅದರ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್, ಹುಟ್ಟಿದ್ದು ಗುಲಾಮನಾಗಿ, ಶಾಲೆಗೆ ಬಂದಾಗ ಇನ್ನೂ ಇಪ್ಪತ್ತೈದು ವರ್ಷ. ಓದು ಮತ್ತು ಕೈಕಸುಬು ಎರಡನ್ನೂ ಕಲಿಸುವ ಹಟ. ಕಟ್ಟಡಕ್ಕೆ ಇಟ್ಟಿಗೆ ಕೊಳ್ಳಲು ದುಡ್ಡಿಲ್ಲ, ಹುಡುಗರ ಕೈಯಲ್ಲೇ ಇಟ್ಟಿಗೆ ಸುಡಿಸಿದ. ಮೊದಲ ಭಟ್ಟಿ ಕೆಟ್ಟಿತು, ಎರಡನೆಯದೂ ಕೆಟ್ಟಿತು, ಮೂರನೆಯದೂ. ಕೈಯಲ್ಲಿ ಕಾಸಿಲ್ಲದೆ ತನ್ನ ಗಡಿಯಾರ ಒತ್ತೆಯಿಟ್ಟು ಹದಿನೈದು ಡಾಲರು ತಂದ. ನಾಲ್ಕನೇ ಭಟ್ಟಿ ಕೂತಿತು. ಮುಂದೆ ಸುತ್ತಲಿನ ಬಿಳಿಯರೇ ಬಂದು ಆ ಇಟ್ಟಿಗೆ ಕೊಂಡುಕೊಂಡು ಹೋದರು. 1915ರಲ್ಲಿ ಸಾಯುವವರೆಗೂ ಅವನು ಆ ಶಾಲೆ ಬಿಡಲಿಲ್ಲ.

‘ನನ್ನ ಕಡೆ ಒತ್ತಿ ಇಡಾಕ ಗಡಿಯಾರ ಇಲ್ಲ, ಎಚ್‌ಎಂಟಿ ಕೆಟ್ಟೈತಿ. ಎದ್ದು ಒಳಗ ನಡಿ’ ಅಂದರು. ನಾಲ್ಕನೇ ಸಲ ಸ್ಲಾಟಿನ ಪೇಪರು ಸರಿಯಾಗಿ ಮಡಿಸಿದೆ. ವೈಂಡಿಂಗು ತಾಳಿತು.

ಇಷ್ಟು ಬರೆದು ನಿಲ್ಲಿಸಿದರೆ ನೀವು ಸಂಚಿಕೆಗೆ ಹಾಕಿಕೊಳ್ಳುತ್ತೀರಿ. ಆದರೆ ಅವರೇ ಕಲಿಸಿದ ಕೊನೆಯ ಮನೆ ಇದೆಯಲ್ಲ, ಅದನ್ನು ಅವರಿಗೂ ತುಂಬಬೇಕು.

ಕಂಪ್ಯೂಟರಿನ ವಿಷಯದಲ್ಲಿ ಅವರು ತಪ್ಪಿದರು. ‘ಟೈಪಿಂಗ್ ಮಶಿನ್ನಿಗೆ ಟೀವಿ ಹಚ್ಯಾರ, ಅಷ್ಟ’ ಎನ್ನುತ್ತಿದ್ದರು. ಬೇರೆಯವರು ಕಂಪ್ಯೂಟರ್ ಸೈನ್ಸ್ ವಿಭಾಗ ತೆರೆದು ಹುಡುಗರನ್ನು ಬೆಂಗಳೂರು, ಹೈದರಾಬಾದಿಗೆ ಕಳಿಸುತ್ತಿದ್ದಾಗ ನಮ್ಮಲ್ಲಿ ಅವರು ನಿವೃತ್ತರಾಗುವವರೆಗೆ ಅದು ಬರಲಿಲ್ಲ. ಎಷ್ಟು ಮನೆಗಳ ದಿಕ್ಕು ಬೇರೆಯಾಗಬಹುದಿತ್ತೋ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ತಪ್ಪಿದರು. ನಮ್ಮ ಬ್ಯಾಚಿಗೆ ಮೆಕ್ಯಾನಿಕಲ್ ಬೇಕೆಂದು ಬಂದ ಒಬ್ಬ ಹುಡುಗಿಯ ಅಪ್ಪನನ್ನು ಕೂರಿಸಿಕೊಂಡು, ಗ್ರೀಸು, ರಾಡು, ಬೆಂಕಿ ಎಂದೆಲ್ಲ ಹೆದರಿಸಿ ವಾಪಸು ಕಳಿಸಿದ್ದು ಅವರೇ. ಅಂಜಿಕೆ ಇದ್ದವರು ಬೇಕು ಎಂದ ಮನುಷ್ಯ, ಅಂಜಿಕೆ ಇಲ್ಲದೆ ಬಂದ ಆ ಹುಡುಗಿಗೆ ಅಂಜಿಕೆ ಹಾಕಿ ಹೊರಗೆ ಕಳಿಸಿದರು. ನನ್ನ ಮಗಳು ಇವತ್ತು ನನ್ನ ಅಂಗಡಿಯಲ್ಲಿ ನನಗಿಂತ ಚೊಕ್ಕವಾಗಿ ಕಾಯಿಲು ಕೂರಿಸುತ್ತಾಳೆ. ಒಮ್ಮೆ ಅವರು ಬಂದಾಗ ಅದನ್ನು ನೋಡಿ ಬಹಳ ಹೊತ್ತು ಸುಮ್ಮನೆ ನಿಂತರು. ಏನು ನೆನಪಾಯಿತೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಕೀಲಿಗೊಂಚಲಿನದು. ಟೂಲ್ ರೂಮು, ವೈಂಡಿಂಗ್ ಶೆಡ್ಡು, ಸ್ಟೋರು, ಎಲ್ಲದರ ಕೀಲಿಯೂ ಅವರ ಸೊಂಟದಲ್ಲೇ. ಯಾವ ಗಿರಣಿಯ ಮಾಲೀಕರಿಗೆ ಫೋನು ಮಾಡಿದರೆ ಹಳೇ ಮೋಟಾರು ಪುಕ್ಕಟೆ ಸಿಗುತ್ತದೆ, ಯಾವ ಇಂಜಿನಿಯರನ್ನು ಹಿಡಿದರೆ ಅಪ್ರೆಂಟಿಸ್ ಜಾಗ ಸಿಗುತ್ತದೆ, ಎಲ್ಲವೂ ಅವರ ತಲೆಯಲ್ಲೇ. ಎರಡನೆಯವರನ್ನು ಬೆಳೆಸಲಿಲ್ಲ. ಬೆಳೆಯಲು ಬಂದವರನ್ನು ರೇಗಿ ಓಡಿಸಿದರು ಎಂದು ಅವರ ಕೆಳಗೆ ಕೆಲಸ ಮಾಡಿದವರೇ ನನಗೆ ಹೇಳಿದ್ದಾರೆ. ಅವರು ನಿವೃತ್ತರಾದ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೀಲಿಗೊಂಚಲು ಇಸಿದುಕೊಂಡಿರಿ. ಯಾವ ಕೀಲಿ ಯಾವ ಬೀಗಕ್ಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಣ್ಣು ಮಾಡಿದ ದಿನ ಅವರ ಊರಿನಿಂದ ಬರುತ್ತ ದಾರಿಯಲ್ಲಿ ಕಾಲೇಜಿಗೆ ಹೋಗಿದ್ದೆ. ಗೇಟು ಚೆನ್ನಾಗಿದೆ. ಸಭಾಂಗಣವೂ ಚೆನ್ನಾಗಿದೆ, ಗ್ರಾನೈಟು ಹೊಳೆಯುತ್ತಿದೆ. ವೈಂಡಿಂಗ್ ಶೆಡ್ಡಿಗೆ ಹೋದರೆ ಬೀಗ. ಬೀಗದ ಮೇಲೆ ಜೇಡರ ಬಲೆ. ಕಿಟಕಿಯ ಒಡೆದ ಗಾಜಿನಿಂದ ನೋಡಿದೆ: ಲೇತಿನ ಮೇಲೆ ತಾಡಪಾಲು, ತಾಡಪಾಲಿನ ಮೇಲೆ ಹಳೇ ಉತ್ತರಪತ್ರಿಕೆಗಳ ಕಟ್ಟುಗಳು. ಒಂದು ಮೂಲೆಯಲ್ಲಿ ಪಾರಿವಾಳ. ಕಾವಲುಗಾರನನ್ನು ಕೇಳಿದರೆ, ‘ಪ್ರಾಕ್ಟಿಕಲ್ ಇದ್ದಾಗ ತೆಗಿತಾರ್ರಿ’ ಅಂದ. ಯಾವಾಗ ಇರುತ್ತದೆ ಅಂದರೆ ನಕ್ಕ. ಇನ್‌ಸ್ಟ್ರಕ್ಟರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲವಂತೆ. ಪ್ರಿನ್ಸಿಪಾಲ್ ಹುದ್ದೆಯಲ್ಲಿ ಪ್ರಭಾರದವರ ಮೇಲೆ ಪ್ರಭಾರದವರು. ಪಾಪ, ಅವರಿಗೆ ಪಾಠವೂ ಇದೆ, ಫೈಲೂ ಇದೆ, ಸಹಿ ಹಾಕುವ ಅಧಿಕಾರ ಮಾತ್ರ ಅರ್ಧ. ಅತಿಥಿ ಉಪನ್ಯಾಸಕರು ತಿಂಗಳ ಸಂಬಳಕ್ಕೇ ಕಾಯುವಾಗ ಉಳಿಯ ಮೊನೆ ಮೊಂಡಾಗಿದೆ ಎಂದು ಯಾರಿಗೆ ಹೇಳುತ್ತಾರೆ?

ಒಂದು ಫೇಸು ಹೋದ ಸ್ಟಾರ್ ಮೋಟಾರಿನ ಕತೆಯೇ ಇದು. ಉಳಿದ ಎರಡು ಇಡೀ ಭಾರ ಹೊತ್ತು ಸುಡುತ್ತವೆ. ಹೊರಗಿನಿಂದ ನೋಡಿದವರು ಸುಟ್ಟ ಎರಡನ್ನು ಬೈಯುತ್ತಾರೆ. ಈಗಿನ ಲೆಕ್ಚರರುಗಳಿಗೆ ಕೆಲಸ ಬರುವುದಿಲ್ಲ ಎಂದು ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಬರೆಯುವ ಗೆಳೆಯರು ದಯವಿಟ್ಟು ಇದನ್ನು ಗಮನಿಸಬೇಕು. ಕಪ್ಪಾದ ಕಾಯಿಲಿನದು ತಪ್ಪಲ್ಲ.

ಹೋದ ವರ್ಷ ನಿಮ್ಮಲ್ಲೇ ಡಿಪ್ಲೊಮಾ ಮುಗಿಸಿದ ದೇವದುರ್ಗದ ಹುಡುಗನೊಬ್ಬ ಕೆಲಸ ಕೇಳಿಕೊಂಡು ಅಂಗಡಿಗೆ ಬಂದಿದ್ದ. ಅಂಕ ಎಂಬತ್ತರ ಮೇಲೆ. ಚುರುಕು ಹುಡುಗ. ಟರ್ಮಿನಲ್ ಡಬ್ಬಿ ತೆಗೆದು ಇದು ಸ್ಟಾರೋ ಡೆಲ್ಟಾವೋ ಹೇಳು ಅಂದೆ. ಕಾಗದದ ಮೇಲೆ ಎರಡರ ಚಿತ್ರವನ್ನೂ ಅಳತೆ ತಪ್ಪದಂತೆ ಬರೆದು ತೋರಿಸಿದ. ಮೋಟಾರಿನ ಮೇಲೆ ಬೆರಳಿಟ್ಟು ತೋರಿಸಲು ಅವನಿಗೆ ಆಗಲಿಲ್ಲ. ‘ಲ್ಯಾಬಿನ್ಯಾಗ ವೀಡಿಯೊ ತೋರಿಸಿದ್ರು ಸರ’ ಅಂದ. ಅವನ ಕಣ್ಣಲ್ಲಿ ನೀರು ಬಂತು, ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮೂರು ತಿಂಗಳಲ್ಲಿ ನನ್ನ ಹತ್ತಿರ ಕಲಿತ. ಕಲಿಯಲಾರದವನೇನಲ್ಲ. ಮೂರು ವರ್ಷ ಫೀ ಕಟ್ಟಿ ಕಲಿಯಬೇಕಾದ್ದನ್ನು ಅಂಗಡಿಯಲ್ಲಿ ಕಸ ಹೊಡೆಯುತ್ತ ಕಲಿಯಬೇಕಾಯಿತು, ಅಷ್ಟೇ. ಈಗ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸೆಟ್ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದ್ದಾನೆ. ಸಂತೋಷ. ಡಿಪ್ಲೊಮಾ ಎಂದರೆ ಬಿಇಗೆ ಹತ್ತುವ ಏಣಿ ಎಂದು ಎಲ್ಲರೂ ತಿಳಿದಿರುವುದರಿಂದಲೇ ಶೆಡ್ಡಿನ ಬೀಗದ ಬಗ್ಗೆ ಯಾರಿಗೂ ಚಿಂತೆಯಿಲ್ಲ ಎನಿಸುತ್ತದೆ.

ನಾವು ರಾಯಚೂರಿನವರು ಹೋರಾಟದಲ್ಲಿ ಹಿಂದೆ ಬಿದ್ದವರಲ್ಲ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿಯಲ್ಲಿ ಐಐಟಿ ರಾಯಚೂರಿಗೆ ಬರಲಿ ಎಂದಿತ್ತು. 2016ರಲ್ಲಿ ಅದು ಧಾರವಾಡದಲ್ಲಿ ಶುರುವಾಯಿತು. ನಾವು ಬಂದ್ ಮಾಡಿದೆವು, ಟೈರು ಸುಟ್ಟೆವು. 2019ರಲ್ಲಿ ರಾಯಚೂರಿಗೆ ಮಾಹಿತಿ ತಂತ್ರಜ್ಞಾನದ ಐಐಐಟಿ ಬಂತು. ಏಮ್ಸ್ ಬೇಕೆಂದು 2022ರಲ್ಲಿ ಕೂತ ಧರಣಿಯಲ್ಲಿ ನಾನೂ ಹಲವು ದಿನ ಕೂತಿದ್ದೇನೆ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಬಂದಾಗ ಗಂಜಿನಲ್ಲಿ ಹಮಾಲರು ಕೂಡ ಸಕ್ಕರೆ ಹಂಚಿದರು. ಇದೆಲ್ಲ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಬೆಂಗಳೂರು, ದಿಲ್ಲಿಗಳನ್ನು ಬೈಯಲು ಬೀದಿಗಿಳಿದ ನಾವು, ನಮ್ಮದೇ ಊರಿನ, ನಮ್ಮದೇ ಜನರ ಆಡಳಿತ ಮಂಡಳಿಯ ಶೆಡ್ಡಿಗೆ ಬೀಗ ಬಿದ್ದಾಗ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವರು ಬದುಕಿದ್ದಾಗ ಈ ಪತ್ರ ಬರೆಯಬೇಕಿತ್ತು.

2024ರ ಆಗಸ್ಟ್ 10ರ ರಾತ್ರಿ ನಿಮಗೆ ನೆನಪಿರಬೇಕು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಆ ವಾರ ನನ್ನ ಅಂಗಡಿಗೆ ಬಂದ ರೈತರಲ್ಲಿ ಮೋಟಾರಿನ ಮಾತಾಡಿದವನು ಒಬ್ಬನಿಲ್ಲ. ನಾಟಿ ಮಾಡಿದ ಭತ್ತದ ಗತಿ ಏನು ಎಂಬುದೊಂದೇ ಮಾತು. ಗೇಟುಗಳ ಕೆಲಸದಲ್ಲೇ ತಲೆ ನರೆತ ಕನ್ನಯ್ಯ ನಾಯ್ಡು ಅವರು ಬಂದು ನಿಂತರು. ಸುತ್ತಲಿನ ಕಾರ್ಖಾನೆಗಳಲ್ಲಿ ಹಗಲೂ ರಾತ್ರಿ ತಗಡು ಕತ್ತರಿಸಿ ಬೆಸೆದರು. ನೀರು ಹರಿಯುತ್ತಿರುವಾಗಲೇ ಕ್ರೇನಿನಲ್ಲಿ ಒಂದೊಂದೇ ತುಂಡು ಇಳಿಸಿ, ವಾರದೊಳಗೆ ಬಾಯಿ ಮುಚ್ಚಿದರು. ಟೀವಿಯಲ್ಲಿ ಅದನ್ನು ನೋಡುತ್ತಿದ್ದಾಗ ಪ್ರಿನ್ಸಿಪಾಲರಿಂದ ಫೋನು ಬಂತು. ಆಗಲೇ ಅವರಿಗೆ ಮಾತು ತೊದಲುತ್ತಿತ್ತು. ‘ಬೆಸಿಗಿ ಹಾಕಿದ ಹುಡುಗರ ಹೆಸರು ಯಾರರ ಹೇಳಿದ್ರೇನೋ ಟೀವ್ಯಾಗ?’ ಎಂದು ಕೇಳಿದರು. ನಾನು ಕೇಳಿದ ಸುದ್ದಿಯಲ್ಲಿ ಯಾರೂ ಹೇಳಿರಲಿಲ್ಲ. ‘ಹೇಳಂಗಿಲ್ಲ ಬಿಡು’ ಎಂದು ಇಟ್ಟುಬಿಟ್ಟರು. ನಮ್ಮಿಬ್ಬರ ಕೊನೆಯ ಮಾತು ಅದು.

ಇನ್ನು ನಾನು ಕೇಳುವುದು. ಪುತ್ಥಳಿ ಬೇಡ ಎನ್ನುವುದಿಲ್ಲ. ಅವರ ಮನೆಯವರಿಗೆ ಅದರಿಂದ ಸಮಾಧಾನ ಸಿಗುತ್ತದೆಂದರೆ ನಾನು ಅಡ್ಡ ಬರುವವನಲ್ಲ. ಆದರೆ ಕ್ರಮ ಬದಲಿಸಿ. ಕೂಡಿದ ಹಣದಲ್ಲಿ ಮೊದಲು ಶೆಡ್ಡಿನ ವೈರಿಂಗು, ಛಾವಣಿ ಸರಿಪಡಿಸಿ. ಲೇತನ್ನು ಗುಜರಿಗೆ ಹಾಕುವ ಯೋಚನೆ ನಡೆದಿದೆ ಎಂದು ಕಾವಲುಗಾರ ಅಂದ. ಅದು ಸುಳ್ಳಾಗಲಿ. ತಾಡಪಾಲಿನ ಕೆಳಗಿದ್ದ ಅದನ್ನು ನಾನು ಕಿಟಕಿಯಿಂದ ನೋಡಿದ್ದಷ್ಟೇ, ಆದರೂ ಅದು ಇನ್ನೂ ಕೆಲಸಕ್ಕೆ ಬರುತ್ತದೆ ಎಂದು ನನ್ನ ನಂಬಿಕೆ. ಒಬ್ಬ ಕಾಯಂ ಇನ್‌ಸ್ಟ್ರಕ್ಟರನ್ನು ನೇಮಿಸಿ. ಡಿಗ್ರಿ ಕಡಿಮೆಯಿದ್ದರೂ ಕೈ ಇರುವವನನ್ನು ಅಥವಾ ಕೈ ಇರುವವಳನ್ನು. ಪೂರ್ಣಾವಧಿ ಪ್ರಿನ್ಸಿಪಾಲರನ್ನು ತನ್ನಿ, ಅವರಿಗೆ ಪೂರ್ತಿ ಸಹಿಯ ಅಧಿಕಾರ ಕೊಡಿ, ಕೀಲಿ ಮಾತ್ರ ಇಬ್ಬರ ಕೈಯಲ್ಲಿರಲಿ. ರೈತರ ಮೋಟಾರುಗಳನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಿ. ನನ್ನಂಥ ಅಂಗಡಿಯವರ ವ್ಯಾಪಾರಕ್ಕೆ ಪೆಟ್ಟಾಗುತ್ತದೆ ಎಂದು ನಿಮ್ಮಲ್ಲಿ ಯಾರೋ ಅಂದರಂತೆ. ಆಗಲಿ, ನನಗಿರುವ ಕೆಲಸವೇ ಮುಗಿಯುತ್ತಿಲ್ಲ. ವಾರಕ್ಕೊಂದು ದಿನ, ಶನಿವಾರ, ನಾನು ಬಂದು ಕಲಿಸುತ್ತೇನೆ, ಬಸ್ಸಿನ ಖರ್ಚೂ ಬೇಡ. ಗಂಗಾವತಿಯ ಇಬ್ಬರೂ ಒಪ್ಪಿದ್ದಾರೆ. ಮೆಕ್ಯಾನಿಕಲ್ಲಿಗೆ ಹೆಣ್ಣುಮಕ್ಕಳು ಬಂದರೆ ನನ್ನ ಮಗಳನ್ನೂ ಕರೆತರುತ್ತೇನೆ, ಅವರ ಅಪ್ಪಂದಿರ ಹತ್ತಿರ ಮಾತಾಡಲಿಕ್ಕೆ.

ಹಳೇ ರಿಜಿಸ್ಟರುಗಳು ಸ್ಟೋರಿನಲ್ಲಿ ಗೆದ್ದಲಿಗೆ ಬೀಳುವ ಮೊದಲು ಹೊರಗೆ ತೆಗೆಸಿ. ಅಷ್ಟು ವರ್ಷಗಳ ಕಾಲ ನಮ್ಮ ಸೀಮೆಯ ಮೋಟಾರುಗಳು ಯಾವ ಊರಲ್ಲಿ ಯಾಕೆ ಸುಟ್ಟವು ಎಂಬ ಲೆಕ್ಕ ಬೇರೆ ಯಾರ ಹತ್ತಿರವೂ ಇರಲಿಕ್ಕಿಲ್ಲ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. 1992ರಲ್ಲಿ ಕೊನೆಯ ಪರೀಕ್ಷೆ ಮುಗಿದ ದಿನ ಟೂಲ್ ರೂಮಿನಿಂದ ತಗೊಂಡ ವೈರ್ ಗೇಜನ್ನು ನಾನು ಹಿಂದಿರುಗಿಸಲಿಲ್ಲ. ಅಂಚಿನ ಸುತ್ತ ಸೀಳುಗಳಿರುವ ಉಕ್ಕಿನ ದುಂಡನೆಯ ಬಿಲ್ಲೆಯಂಥದ್ದು, ತಂತಿ ಯಾವ ಸೀಳಿಗೆ ಕೂರುತ್ತದೆ ನೋಡಿ ಗೇಜು ಹೇಳುವುದು. ಹೊಸದು ಕೊಳ್ಳಲು ಆಗ ದುಡ್ಡಿರಲಿಲ್ಲ. ಅದರಿಂದಲೇ ಅಂಗಡಿ ಶುರುವಾಯಿತು. ಎಷ್ಟೋ ವರ್ಷಗಳ ಮೇಲೆ ಪ್ರಿನ್ಸಿಪಾಲರು ಅಂಗಡಿಗೆ ಬಂದಾಗ ಅದು ಮೇಜಿನ ಮೇಲೇ ಇತ್ತು. ಕೈಗೆ ತಗೊಂಡು ತಿರುಗಿಸಿ ನೋಡಿದರು. ಹಿಂದೆ ಕಾಲೇಜಿನ ಗುರುತು ಕೊರೆದಿತ್ತು.

‘ನಲವತ್ತೇಳು ಇನ್ನೂ ಹಲಗೀಗೇ ನೇತಾಡಾಕ ಹತ್ತೈತಲ್ಲೋ’ ಅಂದರು. ನಾನು ತಲೆ ತಗ್ಗಿಸಿದೆ. ‘ಇರ್ಲಿ. ನಿನ್ನ ಕೆಲಸ ಮುಗಿದ ಮ್ಯಾಲ ಕೊಡು.’

ಆ ಹಲಗೆ ನಿಮ್ಮ ಬೀಗದೊಳಗಿದೆ. ಶೆಡ್ಡು ತೆರೆಯುವ ದಿನ ಒಂದು ಫೋನು ಮಾಡಿ. ವೈರ್ ಗೇಜು ತಂದು ಇಟ್ಟು, ನನ್ನ ಬಿಲ್ಲೆ ಬಿಡಿಸಿಕೊಂಡು ಹೋಗುತ್ತೇನೆ.

ಇಂತಿ,
ಬಿಲ್ಲೆ ನಂಬರು 47
ಸಿಂಧನೂರು